ಹುಳುಮನೆಯಲ್ಲೊಂದು ಸರಾಸರಿ ಲೆಕ್ಕ

ಕೊಳ್ಳೇಗಾಲವೆಂದೊಡನೆ ರೇಷ್ಮೆ ಸೀರೆ ನೆನಪಾಗುತ್ತದೆ. ಆ ಸೀರೆಯ ಹಿಂದೆ ಹಿಪ್ಪುನೇರಳೆ ತೋಟವಿದೆ, ಹುಳುಮನೆಯಿದೆ, ಹೊತ್ತುಹೊತ್ತಿಗೆ ಸೊಪ್ಪು ಹಾಕುವ ಮನೆಮಂದಿ ಇದ್ದಾರೆ. ಹನೂರಿನ ಕಡೆಯ ಅಂಥದೊಂದು ಮನೆಯನ್ನು ಊಹಿಸಿಕೊಳ್ಳಿ. ಮಗಳು ಬಸ್ಸು ಹತ್ತಿ ಕೊಳ್ಳೇಗಾಲದ ಕಾಲೇಜಿಗೆ ಹೋಗುತ್ತಾಳೆ, ಓದುವುದು ಸಂಖ್ಯಾಶಾಸ್ತ್ರ. ‘ಇದರಿಂದ ಹೊಟ್ಟೆ ತುಂಬುತ್ತದೆಯೇ?’ ಎಂಬುದು ಅಪ್ಪನ ಹಳೆಯ ಪ್ರಶ್ನೆ.

ಅಪ್ಪ ಸಾಕುವುದು ಮಿಶ್ರತಳಿ ಹುಳು. ಯಳಂದೂರಿನ ಸೋದರಮಾವ ಸಾಕುವುದು ದ್ವಿತಳಿ. ಹಬ್ಬಕ್ಕೆ ಬಂದ ಮಾವ ತನ್ನ ಇಳುವರಿಯನ್ನು ಕೊಂಡಾಡಿಕೊಂಡ. ಅಪ್ಪನ ಕೊನೆಯ ಐದು ಬೆಳೆಗಳಲ್ಲಿ ನೂರು ಮೊಟ್ಟೆಗೆ ಬಂದದ್ದು 52, 58, 60, 62, 68 ಕಿಲೋ ಗೂಡು, ಸರಾಸರಿ 60. ಮಾವನದು 54, 60, 66, 72, 78, ಸರಾಸರಿ 66. ಆರು ಕಿಲೋ ಹೆಚ್ಚು! ಸಾಲ ಮಾಡಿ ಹುಳುಮನೆಯನ್ನೇ ಬದಲಿಸಲು ಅಪ್ಪ ಹೊರಟೇಬಿಟ್ಟ.

ಮಗಳು ನೋಟ್‌ಬುಕ್ ಬಿಚ್ಚಿದಳು. ಎರಡು ತಳಿಗಳ ನಿಜವಾದ ಸರಾಸರಿ ಒಂದೇ ಆಗಿದ್ದರೂ ಐದೈದು ಬೆಳೆಗಳಲ್ಲಿ ಇಷ್ಟು ಅಂತರ ಆಕಸ್ಮಿಕವಾಗಿ ಬರಬಹುದಲ್ಲವೆ? ಪ್ರತಿ ಬೆಳೆ ಸರಾಸರಿಯಿಂದ ಎಷ್ಟು ದೂರವೆಂದು ನೋಡಿ, ಅದರ ವರ್ಗಗಳನ್ನು ಕೂಡಿಸಿ, ನಾಲ್ಕರಿಂದ ಭಾಗಿಸಿದಳು: ಅಪ್ಪನದು 34, ಮಾವನದು 90. ಎರಡನ್ನೂ ಐದರಿಂದ ಭಾಗಿಸಿ ಕೂಡಿಸಿದರೆ 24.8, ಅದರ ವರ್ಗಮೂಲ ಸುಮಾರು 5. ಆರನ್ನು ಐದರಿಂದ ಭಾಗಿಸಿದರೆ 1.2. ಶೇಕಡಾ 5ರ ಮಟ್ಟದಲ್ಲಿ ಕೋಷ್ಟಕ ಕೇಳುವುದು 2.306. ಅಷ್ಟು ದೂರ ಈ ಅಂತರ ಹೋಗಲಿಲ್ಲ.

ಈ ಲೆಕ್ಕದ ಮೂಲ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದೆ. ಅಲ್ಲಿದ್ದ ವಿಲಿಯಂ ಗಾಸೆಟ್, ಕೆಲವೇ ಅಳತೆಗಳಿಂದ ತೀರ್ಮಾನಕ್ಕೆ ಬರುವ ಬಗೆಯನ್ನು 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದರು. ಆರ್. ಎ. ಫಿಷರ್ ಅದನ್ನು ಎರಡು ಗುಂಪುಗಳ ಹೋಲಿಕೆಗೂ ವಿಸ್ತರಿಸಿದರು. ಅದೇ ಫಿಷರರ ಬಳಿ ಕೇಂಬ್ರಿಜ್‌ನಲ್ಲಿ ಸಂಶೋಧನೆ ಮಾಡಿದ ಸಿ. ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ.

‘ಹಾಗಾದರೆ ಎರಡು ತಳಿಯೂ ಒಂದೇ ಅನ್ನು!’ ಎಂದ ಅಪ್ಪ.

‘ಅಲ್ಲಪ್ಪ. ಬೇರೆ ಎನ್ನಲು ಸಾಕ್ಷಿ ಸಾಲದು, ಅಷ್ಟೆ. ಸಾಕ್ಷಿ ಸಿಕ್ಕಿದ್ದರೂ ಅದು ತಳಿಯ ಗುಣವೋ ನೀರಿನ ಗುಣವೋ? ಮಾವನ ಸೊಪ್ಪಿಗೆ ಸುವರ್ಣಾವತಿಯ ನೀರುಂಟು. ನಮ್ಮದು ಮಳೆ ನೋಡುವ ಹೊಲ.’

ಅಪ್ಪ ಸುಮ್ಮನಾದ. ಒಂದೇ ಮನೆಯಲ್ಲಿ, ಒಂದೇ ತೋಟದ ಸೊಪ್ಪಿನಲ್ಲಿ, ಒಂದೇ ಕಾಲದಲ್ಲಿ ಎರಡೂ ತಳಿಗಳನ್ನು ಅರ್ಧರ್ಧ ಸಾಕಿ, ಬೆಳೆ ಬೆಳೆಗೂ ಅಂತರ ಬರೆದಿಟ್ಟರೆ ಹೋಲಿಕೆಗೆ ಅರ್ಥ ಬಂದೀತೆಂದು ಮಗಳು ಹೇಳಿದಳು. ದ್ವಿತಳಿ ಹುಳು ಬಿಸಿಲು ತಾಳುವುದು ಕಡಿಮೆ. ಬೇಸಿಗೆಯ ಬೆಳೆಯನ್ನೂ ನೋಡಬೇಕು. ಗೂಡಿನ ದರದ ಲೆಕ್ಕ ಬೇರೆಯೇ ಇದೆ.

ಸಾಲದ ಅರ್ಜಿ ಪೆಟ್ಟಿಗೆಯಲ್ಲೇ ಉಳಿಯಿತು. ಮರುದಿನ ಮಗಳು ಕಾಲೇಜಿನಿಂದ ಬಂದಾಗ, ಬೆಳೆಯ ಲೆಕ್ಕದ ಪುಸ್ತಕದ ಹೊಸ ಹಾಳೆಯಲ್ಲಿ ಅಪ್ಪ ಸ್ಕೇಲು ಹಿಡಿದು ಎರಡು ಕಾಲಂ ಎಳೆಯುತ್ತಿದ್ದ.