ಉಕ್ಕು, ಹಕ್ಕು ಮತ್ತು ನಾವು

ವಿಶಾಖಪಟ್ಟಣವನ್ನು ನೋಡಬಂದವರು ಕಡಲನ್ನು ಹೊಗಳಿ ಹಿಂದಿರುಗುವುದು ವಾಡಿಕೆ. ಕನ್ನಡಿಗರಿಗೆ ಇಲ್ಲಿ ನೋಡತಕ್ಕದ್ದು ಇನ್ನೂ ಉಂಟು. ಸಿಂಹಾಚಲದ ದೇಗುಲದಲ್ಲಿ ಕೃಷ್ಣದೇವರಾಯನ ಶಾಸನಗಳಿವೆ. ಹಂಪೆಯ ಅರಸನು ಹದಿನಾರನೆಯ ಶತಮಾನದಲ್ಲಿ ಇಲ್ಲಿಗೆ ಬಂದು ಸ್ವಾಮಿಗೆ ಕಾಣಿಕೆ ಒಪ್ಪಿಸಿ ಹೋದನು. ಅಂದಿನವರು ಅರಸನ ಪ್ರಜೆಗಳು. ಇಂದಿನ ನಾವೂ ಪ್ರಜೆಗಳೇ. ಮಾತು ಒಂದೇ, ಅರ್ಥ ಬೇರೆ. ಅಂದಿನ ಪ್ರಜೆ ಆಜ್ಞೆಗೆ ತಲೆಬಾಗುವವನು. 1950ರ ಸಂವಿಧಾನದ ತರುವಾಯ ಪ್ರಜೆಯೆಂದರೆ ಹಕ್ಕುಳ್ಳವನು.

ಹಕ್ಕಿನ ಮಾತು ಈ ಊರಿನಲ್ಲಿ ಬಲು ಜೋರಾಗಿ ಕೇಳಿಬಂದದ್ದು 1966ರಲ್ಲಿ. ‘ವಿಶಾಖ ಉಕ್ಕು, ಆಂಧ್ರುಲ ಹಕ್ಕು’ ಎಂಬ ಘೋಷಣೆಗೆ ಕನ್ನಡಿಗನಿಗೆ ಅನುವಾದವೇ ಬೇಡ. ಆ ಚಳವಳಿಯಲ್ಲಿ ಹಲವರು ಗುಂಡೇಟಿಗೆ ಬಲಿಯಾದರು. 1971ರಲ್ಲಿ ಇಂದಿರಾ ಗಾಂಧಿಯವರು ಕಾರ್ಖಾನೆಗೆ ಅಡಿಗಲ್ಲಿಟ್ಟರು. ಆದರೆ ‘ಆಂಧ್ರರ ಹಕ್ಕು’ ಎಂದಾಗ, ಹೊಟ್ಟೆಪಾಡಿಗೆ ಬಂದು ಇಲ್ಲಿಯೇ ನೆಲಸಿದ ನಮ್ಮಂಥವರು ಆ ಲೆಕ್ಕಕ್ಕೆ ಸೇರಿದವರೋ, ಅಲ್ಲವೋ?

ಈ ಪ್ರಶ್ನೆಯನ್ನು ಬುತ್ತಿಯ ಜೊತೆಗೆ ಕಟ್ಟಿಕೊಂಡೇ ನಾವು ರತ್ನಾಚಲ ಎಕ್ಸ್‌ಪ್ರೆಸ್ ಹತ್ತಿದೆವು. ರಾಜಮಹೇಂದ್ರಿಯಲ್ಲಿ ಗೋದಾವರಿಯನ್ನು ದಾಟಿ ಸಂಜೆಗೆ ವಿಜಯವಾಡ ಸೇರಿದೆವು. ನಮ್ಮ ರಾಯಚೂರು ಸೀಮೆಯನ್ನು ಹಾದುಬಂದ ಕೃಷ್ಣೆಯನ್ನು ಪ್ರಕಾಶಂ ಬ್ಯಾರೇಜಿನ ಬಳಿ ಕಂಡಾಗ ತವರಿನವರನ್ನು ಕಂಡಂತಾಯಿತು.

ಮರುದಿನ ಬಾಪು ಮ್ಯೂಸಿಯಮ್ಮಿಗೆ ಹೋದೆವು. ವಿಕ್ಟೋರಿಯಾ ರಾಣಿಯ ಜ್ಯುಬಿಲಿಯ ನೆನಪಿಗೆಂದು ಎದ್ದ ಕಟ್ಟಡವದು. 1921ರಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಬೆಜವಾಡದಲ್ಲಿ ಕೂಡಿದಾಗ, ಪಿಂಗಳಿ ವೆಂಕಯ್ಯನವರು ಧ್ವಜದ ನಮೂನೆಯನ್ನು ಗಾಂಧೀಜಿಯವರಿಗೆ ಒಪ್ಪಿಸಿದ್ದು ಇಲ್ಲಿಯೇ ಎಂಬುದು ಊರಿನವರ ಹೆಮ್ಮೆ. ಅದರ ಹಿಂದಿನ ವರ್ಷವಷ್ಟೇ ನಾಗಪುರದಲ್ಲಿ ಕಾಂಗ್ರೆಸ್ಸು ತನ್ನ ಪ್ರಾಂತಗಳನ್ನು ಭಾಷಾವಾರು ಮಾಡಲು ಒಪ್ಪಿತ್ತು. ದೇಶಕ್ಕೆಲ್ಲ ಒಂದು ಧ್ವಜ, ಭಾಷೆಗೊಂದು ಪ್ರಾಂತ: ಎರಡು ವಿಚಾರಗಳೂ ಜೊತೆಯಲ್ಲಿಯೇ ಬೆಳೆದವು. 1956ರ ನವೆಂಬರ್ 1ರಂದು ಆಂಧ್ರಪ್ರದೇಶವೂ ವಿಶಾಲ ಮೈಸೂರೂ ಒಂದೇ ದಿನ ಉದಯಿಸಿದವು.

ಪ್ರಾಂತವಾದ ಮೇಲೆ ನೌಕರಿಯ ತಕರಾರು ಬಂದಿತು. 1972ರ ಜೈ ಆಂಧ್ರ ಚಳವಳಿಯ ಬಳಿಕ, 1973ರ ತಿದ್ದುಪಡಿಯಿಂದ ಸಂವಿಧಾನಕ್ಕೆ 371-ಡಿ ವಿಧಿ ಸೇರಿತು. ಕಾಲೇಜು ಪ್ರವೇಶದ ಬಗ್ಗೆ 1974ರಲ್ಲಿ ಹೊರಟ ರಾಷ್ಟ್ರಪತಿಯವರ ಆದೇಶವು, ಅರ್ಹತಾ ಪರೀಕ್ಷೆಯವರೆಗೆ ಎಡೆಬಿಡದೆ ನಾಲ್ಕು ವರ್ಷ ಆಯಾ ಪ್ರದೇಶದಲ್ಲಿ ಓದಿದವರನ್ನು ‘ಸ್ಥಳೀಯ’ರೆಂದು ಒಪ್ಪಿತು. ಅಜ್ಜನ ಊರು ಯಾವುದು, ಮನೆಮಾತು ಯಾವುದು ಎಂದು ಅದು ಕೇಳಲಿಲ್ಲ. ವಿಶಾಖಪಟ್ಟಣ, ವಿಜಯವಾಡ ಎರಡೂ ಅದರಲ್ಲಿ ಆಂಧ್ರ ವಿಶ್ವವಿದ್ಯಾಲಯದ ಒಂದೇ ಪ್ರದೇಶಕ್ಕೆ ಸೇರಿದ್ದವು.

ನಮ್ಮಂತೆಯೇ ಆಂಗ್ಲರಿಂದ ಬಿಡುಗಡೆ ಪಡೆದ ಆಫ್ರಿಕದ ನೈಜೀರಿಯದಲ್ಲಿ ಕಥೆ ಬೇರೆ. ಒಬ್ಬನು ಒಂದು ರಾಜ್ಯಕ್ಕೆ ಸೇರಿದವನೆನಿಸಲು ಅವನ ತಂದೆತಾಯಿಯರಲ್ಲೋ ಅಜ್ಜ ಅಜ್ಜಿಯರಲ್ಲೋ ಒಬ್ಬರಾದರೂ ಅಲ್ಲಿನ ಮೂಲ ಸಮುದಾಯದವರಾಗಿರಬೇಕೆಂದು ಅದರ 1999ರ ಸಂವಿಧಾನ ಹೇಳುತ್ತದೆ. ಅಲ್ಲಿ ರಕ್ತ ಸಾಕ್ಷಿ. ಇಲ್ಲಿ ಶಾಲೆಯ ಹಾಜರಿ ಪುಸ್ತಕ ಸಾಕ್ಷಿ.

ಆದಕಾರಣ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡವಾಡಿದರೆ ಹಕ್ಕಿಗೆ ಕುಂದಿಲ್ಲ; ಬೀದಿಯಲ್ಲಿ ತೆಲುಗನ್ನಾಡಿದರೆ ಕನ್ನಡಕ್ಕೆ ಕುಂದಿಲ್ಲ. ತಂದೆತಾಯಿಯರು ಎರಡನ್ನೂ ಕಲಿಸಲಿ. ವರ್ಷವರ್ಷದ ಶಾಲೆಯ ಸರ್ಟಿಫಿಕೇಟುಗಳನ್ನು ಮಾತ್ರ ಜೋಪಾನವಾಗಿ ಕಟ್ಟಿಡಲಿ.