ಹಾಡುವ ಉಸಿರು, ಹಂಚಿಕೊಳ್ಳುವ ಗಾಳಿ

ಪವಿತ್ರ ಗ್ರಂಥದ ಮೊದಲ ಪುಟಗಳಲ್ಲಿಯೇ ದೇವರು ಮಣ್ಣಿನ ಮಾನವನೊಳಗೆ ಜೀವಶ್ವಾಸವನ್ನು ಊದುತ್ತಾರೆ. ಕೀರ್ತನೆಗಳ ಗ್ರಂಥ ಮುಕ್ತಾಯಗೊಳ್ಳುವುದು ಉಸಿರಾಡುವ ಸಕಲಕ್ಕೂ ಸ್ತುತಿಯ ಕರೆಯನ್ನು ನೀಡಿ. ಹೀಬ್ರೂ ಭಾಷೆಯ ‘ರೂಹ’ ಎಂಬ ಪದವು ಗಾಳಿ, ಉಸಿರು, ಆತ್ಮ ಎಂಬ ಮೂರು ಅರ್ಥಗಳನ್ನೂ ಹೊತ್ತಿದೆ. ಬಲಿಪೂಜೆಯಲ್ಲಿ ಹಾಡುವುದೆಂದರೆ ದೇವರು ಕೊಟ್ಟ ಉಸಿರನ್ನು ದೇವರಿಗೇ ಮರಳಿ ಅರ್ಪಿಸುವುದೆಂದು ನಾನು ಗಾಯನವೃಂದದಲ್ಲಿ ನಿಂತಾಗಲೆಲ್ಲ ಭಾವಿಸಿದ್ದೇನೆ. ಆದರೆ ಆ ಉಸಿರು ದೇವರನ್ನು ಸೇರುವ ಮುನ್ನ ಪಕ್ಕದಲ್ಲಿ ನಿಂತವರನ್ನು ಸೇರುತ್ತದೆ ಎಂಬುದನ್ನು ನಮಗೆಲ್ಲ ಕಲಿಸಿದ್ದು 2020ನೆಯ ಇಸವಿ.

ಆ ವರ್ಷ ಮಾರ್ಚ್ 10ರ ಸಂಜೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೌಂಟ್ ವರ್ನನ್ ಪಟ್ಟಣದಲ್ಲಿ ಸ್ಕ್ಯಾಜಿಟ್ ವ್ಯಾಲಿ ಕೊರಾಲ್ ಎಂಬ ಗಾಯನವೃಂದದ 61 ಮಂದಿ ಒಂದು ಚರ್ಚಿನ ಆವರಣದಲ್ಲಿ ಅಭ್ಯಾಸಕ್ಕೆ ಸೇರಿದ್ದರು. ಕೈಕುಲುಕಲಿಲ್ಲ, ಆಲಿಂಗನವಿಲ್ಲ, ಕೈಗಳನ್ನು ಶುಚಿಗೊಳಿಸುವ ದ್ರವವನ್ನೂ ಇಟ್ಟಿದ್ದರು. ಆದರೆ ಕುರ್ಚಿಗಳು ಒತ್ತೊತ್ತಾಗಿದ್ದವು, ಅಭ್ಯಾಸ ಎರಡೂವರೆ ಗಂಟೆ ನಡೆಯಿತು. ಅವರಲ್ಲೊಬ್ಬರಿಗೆ ನೆಗಡಿಯಂಥ ಲಕ್ಷಣಗಳಿದ್ದವು. ಮುಂದಿನ ದಿನಗಳಲ್ಲಿ ಅವರೂ ಸೇರಿದಂತೆ 53 ಮಂದಿ ಕೋವಿಡ್ ಪೀಡಿತರೆಂದು ಆರೋಗ್ಯಾಧಿಕಾರಿಗಳು ಗುರುತಿಸಿದರು. 33 ಮಂದಿಗೆ ಪರೀಕ್ಷೆಯಿಂದ ದೃಢಪಟ್ಟಿತು, 20 ಮಂದಿಯದು ಲಕ್ಷಣಗಳಿಂದ ಊಹಿಸಿದ್ದು. ಇಬ್ಬರು ಅಸುನೀಗಿದರು. ಆ ಸಂಜೆ ಬಂದವರಾರೂ ಕೇಡು ಬಯಸಿದವರಲ್ಲ. ನಮ್ಮಂತೆಯೇ ಹಾಡನ್ನು ಪ್ರೀತಿಸಿ ಬಂದವರು.

ಕೈ ತೊಳೆದರೂ ರೋಗ ಹರಡಿದ್ದೇಕೆ? ನಾವು ಉಸಿರು ಬಿಡುವಾಗ, ಮಾತನಾಡುವಾಗ, ಹಾಡುವಾಗ ಕಣ್ಣಿಗೆ ಕಾಣದ ತೇವದ ಕಣಗಳು ಹೊರಬೀಳುತ್ತವೆ. ದೊಡ್ಡ ಹನಿಗಳು ಬೇಗನೆ ನೆಲಕ್ಕಿಳಿಯುತ್ತವೆ. ಅತಿ ಸೂಕ್ಷ್ಮವಾದವು ಅಗರಬತ್ತಿಯ ಹೊಗೆಯಂತೆ ಬಹಳ ಹೊತ್ತು ತೇಲುತ್ತ ಕೋಣೆಯನ್ನೆಲ್ಲ ತುಂಬುತ್ತವೆ. ಬ್ರಿಟನ್ನಿನ ವಿಜ್ಞಾನಿಗಳು 2020ರಲ್ಲಿ ವೃತ್ತಿಪರ ಗಾಯಕರನ್ನು ಪರೀಕ್ಷಿಸಿದಾಗ ಒಂದು ಕುತೂಹಲದ ಸಂಗತಿ ಕಂಡುಬಂತು. ಸಮಾನ ದನಿಯಲ್ಲಿ ಹಾಡಿದರೂ ಮಾತನಾಡಿದರೂ ಕಣಗಳ ಪ್ರಮಾಣದಲ್ಲಿ ಭಾರಿ ವ್ಯತ್ಯಾಸವಿಲ್ಲ. ಆದರೆ ಮೆಲುದನಿಯಿಂದ ಅತಿ ಏರುದನಿಗೆ ಹೋದಾಗ ಅದು 20ರಿಂದ 30 ಪಟ್ಟು ಹೆಚ್ಚುತ್ತದೆ. ಹಾಡುವವರು ಆಳವಾಗಿ ಉಸಿರೆಳೆದುಕೊಳ್ಳುವುದರಿಂದ ಹೊರಸೂಸುವಂತೆ ಒಳಸೇರಿಸಿಕೊಳ್ಳುವುದೂ ಅಧಿಕ.

ನಮ್ಮ ದೇಶದಲ್ಲಿ 2020ರ ಜೂನ್ ತಿಂಗಳಲ್ಲಿ ಆರಾಧನಾಲಯಗಳು ಮತ್ತೆ ತೆರೆದಾಗ ಗಾಯನವೃಂದಗಳಿಗೆ ಅವಕಾಶ ಕೊಡಬಾರದು, ಧ್ವನಿಮುದ್ರಿತ ಭಕ್ತಿಗೀತೆಗಳನ್ನು ಬಳಸಬಹುದು ಎಂದು ಕೇಂದ್ರ ಆರೋಗ್ಯ ಸಚಿವಾಲಯ ಸೂಚಿಸಿತ್ತು. ಧ್ವನಿವರ್ಧಕದಿಂದ ಹೊಮ್ಮುವ ಹಾಡಿಗೆ ತುಟಿ ಬಿಗಿದು ನಿಲ್ಲುವುದು ಎಂಥ ಉಪವಾಸವೆಂದು ಅಂದು ನಮಗೆಲ್ಲ ಅರಿವಾಯಿತು. ಹಾಡನ್ನು ಬಿಡುವುದು ಪರಿಹಾರವಲ್ಲವೆಂಬುದೂ ಅಂದೇ ಮನದಟ್ಟಾಯಿತು. ಹಾಡು ಉಳಿಯಬೇಕು, ಹಾಡುವವರೂ ಉಳಿಯಬೇಕು.

ಅದಕ್ಕೆ ದಾರಿಗಳು ಸರಳವಾಗಿವೆ. ನಮ್ಮ ಹಳೆಯ ಚರ್ಚುಗಳ ಎತ್ತರದ ಚಾವಣಿ, ಎದುರುಬದುರಿನ ದೊಡ್ಡ ಕಿಟಕಿಗಳು ಹಿರಿಯರು ಬಿಟ್ಟುಹೋದ ವರದಾನಗಳು. ಅಪಾಯವಿರುವುದು ಹೆಚ್ಚಾಗಿ ಅಭ್ಯಾಸ ನಡೆಯುವ ಚಿಕ್ಕ ಕೋಣೆಯಲ್ಲಿ. ಅಲ್ಲಿ ಎರಡು ಬದಿಯ ಕಿಟಕಿ ಬಾಗಿಲುಗಳನ್ನು ತೆರೆದಿಟ್ಟರೆ ಗಾಳಿ ಒಂದೆಡೆಯಿಂದ ಬಂದು ಇನ್ನೊಂದೆಡೆ ಹೊರಹೋಗುತ್ತದೆ. ಮುಚ್ಚಿದ ಕೋಣೆಯ ಫ್ಯಾನ್ ಇದ್ದ ಗಾಳಿಯನ್ನೇ ಕದಡುತ್ತದೆ. ಗೋಡೆಯ ಸಾಮಾನ್ಯ ಎ.ಸಿ. ಕೂಡ ಒಳಗಿನ ಗಾಳಿಯನ್ನೇ ತಂಪಾಗಿಸಿ ಮರಳಿಸುತ್ತದೆ. ಹವೆ ಅನುಕೂಲವಿದ್ದರೆ ಅಂಗಳದಲ್ಲೇ ಅಭ್ಯಾಸ ಮಾಡಬಹುದು. ಒಳಗೆ ಹಾಡಬೇಕಾದಾಗ ಅರ್ಧ ಗಂಟೆಗೊಮ್ಮೆ ಎಲ್ಲರೂ ಹೊರಬಂದು ಕೋಣೆಗೆ ಹೊಸ ಗಾಳಿ ಸೇರಲು ಬಿಡುವುದು, ನಡುವೆ ಅಂತರವಿರಿಸುವುದು, ಸ್ವರ ಕಲಿಯುವಾಗ ಮೆಲುದನಿಯಲ್ಲಿ ಹಾಡುವುದು, ಚರ್ಚಿನಲ್ಲಿ ಗಂಟಲು ಹರಿಯದೆ ಮೈಕಿಗೆ ಆ ಕೆಲಸ ಒಪ್ಪಿಸುವುದು ಇವೆಲ್ಲ ನಮ್ಮ ಕೈಯಲ್ಲೇ ಇವೆ. ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಅಳೆಯುವ ಪುಟ್ಟ ಉಪಕರಣವೂ ದೊರೆಯುತ್ತದೆ. ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಸುಮಾರು 420ರಷ್ಟಿರುವ ಅದರ ಪ್ರಮಾಣ ಕೋಣೆಯೊಳಗೆ ಸಾವಿರ ದಾಟಿತೆಂದರೆ, ಒಬ್ಬರು ಬಿಟ್ಟ ಉಸಿರನ್ನು ಮತ್ತೊಬ್ಬರು ಸೇವಿಸುತ್ತಿದ್ದೇವೆಂದೇ ಅರ್ಥ.

ಇವೆಲ್ಲಕ್ಕಿಂತ ಕಷ್ಟವಾದುದು ಮನಸ್ಸಿನ ಕಿಟಕಿ ತೆರೆಯುವುದು. ಕೆಮ್ಮುತ್ತ ಜ್ವರದಲ್ಲೂ ಅಭ್ಯಾಸಕ್ಕೆ ಬರುವವರನ್ನು ಭಕ್ತರೆಂದು ಹೊಗಳುತ್ತೇವೆ. ಬಾರದವರ ಬಗ್ಗೆ ಗೊಣಗುತ್ತೇವೆ. ಕ್ರಿಸ್ಮಸ್ ಸಮೀಪಿಸಿದಾಗಲಂತೂ ಮನೆಯಲ್ಲಿ ಉಳಿಯಲು ಯಾರಿಗೂ ಧೈರ್ಯವಿಲ್ಲ. ನಮ್ಮ ನಡುವೆ ಸಕ್ಕರೆ ಕಾಯಿಲೆಯ ಹಿರಿಯರಿದ್ದಾರೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿದ್ದಾರೆ. ಗಾಳಿಯಿಂದಲೇ ಹರಡುವ ಕ್ಷಯರೋಗ ನಮ್ಮ ನಾಡನ್ನು ಇನ್ನೂ ಬಿಟ್ಟಿಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದಲ್ಲಿದ್ದಾರೆ. ಎರಡು ವಾರ ಮೀರಿದ ಕೆಮ್ಮಿರುವವರನ್ನು ಕಫ ಪರೀಕ್ಷೆಗೆ ಜೊತೆಯಾಗಿ ಕರೆದೊಯ್ಯುವುದು ಗಾಯನವೃಂದದ ಧರ್ಮವಾಗಲಿ. ಚಿಕಿತ್ಸೆ ಪಡೆದು ವೈದ್ಯರ ಒಪ್ಪಿಗೆಯೊಡನೆ ಮರಳಿದವರ ಪಕ್ಕದ ಜಾಗ ಖಾಲಿ ಉಳಿಯದಿರಲಿ. ಎಚ್ಚರಿಕೆ ಅಸ್ಪೃಶ್ಯತೆಯಾದರೆ ಅದೂ ಒಂದು ರೋಗವೇ.

ಪ್ರಿಯ ಓದುಗರೇ, ದೇವರ ಮನೆಯಲ್ಲಿ ಏನೂ ಆಗದೆಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ದೇವಾಲಯದ ಗೋಪುರದಿಂದ ಧುಮುಕಿ ದೇವರನ್ನು ಪರೀಕ್ಷಿಸುವಂತೆ ಸೈತಾನನು ಕೆಣಕಿದಾಗ ಯೇಸುಸ್ವಾಮಿ ಅದಕ್ಕೆ ಒಪ್ಪಲಿಲ್ಲ. ಕಿಟಕಿ ತೆರೆಯುವ ಕೈಗೆ ವಿಶ್ವಾಸ ಕಡಿಮೆಯೇನಲ್ಲ. ಪುನರುತ್ಥಾನದ ದಿನ ಭಯದಿಂದ ಬಾಗಿಲು ಮುಚ್ಚಿಕೊಂಡಿದ್ದ ಶಿಷ್ಯರ ಮೇಲೆ ಅವರು ಉಸಿರೂದಿದರು. ಆ ಉಸಿರು ಜೀವ ಕೊಟ್ಟಿತು. ನೆರೆಯವರ ಜೀವ ಕಾಯುವ ಉಸಿರು ನಮ್ಮದೂ ಆಗಲಿ. ನೆಗಡಿಯಾದ ಭಾನುವಾರ ಹಾಡದೆ ಮನೆಯಲ್ಲಿ ಉಳಿದವರ ಮೌನವನ್ನೂ ದೇವರು ಸ್ತುತಿಯಾಗಿ ಸ್ವೀಕರಿಸುವರೆಂದು ನಾನು ನಂಬುತ್ತೇನೆ.