ಕಾಗದ ಓದೋ ಹುಡುಗ

ಅಬ್ಬೆತುಮಕೂರಿನ ನಮ್ಮ ಮನೆಯ ಪಡಸಾಲಿಯಲ್ಲಿ, ದೀಪದ ಮಾಡದ ಪಕ್ಕದ ಗೂಟಕ್ಕೆ ಒಂದು ದಪ್ಪ ತಂತಿ ಜೋತಾಡುತ್ತಿತ್ತು. ಕೆಳತುದಿಗೆ ಕಟ್ಟಿಗೆಯ ಬಿಲ್ಲೆ, ಮೇಲೆ ಕೊಕ್ಕೆ. ಬಂದ ಕಾಗದ ಓದಿಸಿ ಕೇಳಿದ ಮೇಲೆ ಅವ್ವ ಅದನ್ನು ಈ ತಂತಿಗೆ ಚುಚ್ಚಿಬಿಡುತ್ತಿದ್ದಳು. ಕಾರ್ಡು, ಇನ್‌ಲ್ಯಾಂಡು, ಹತ್ತಿ ಮಾರಿದ ಚೀಟಿ, ಕಂದಾಯದ ಪಾವತಿ, ಎಲ್ಲಾ ಒಂದೇ ತಂತಿಗೆ. ಕಂದೀಲಿನ ಹೊಗೆ, ಸೀಮೆಎಣ್ಣೆಯ ವಾಸನೆ ಕುಡಿದು ಕಾಗದದ ಅಂಚು ಕಂದಾಗುತ್ತಿತ್ತು. 1972ರಲ್ಲಿ ಕಾರ್ಡಿಗೆ 10 ಪೈಸೆ. ಬರದ ವರ್ಷ ಅದು. ಓಣಿಯ ಗಂಡಸರು ಬೊಂಬಾಯಿ, ಪುಣೆ ಕಡೆ ದುಡಿಯಲು ಹೋದರು, ತಂತಿ ದಪ್ಪಗಾಯಿತು.

ಅಜ್ಜ ನಿಜಾಮರ ಕಾಲದಲ್ಲಿ ಕಲಿತವನು, ಅವನಿಗೆ ಬರುತ್ತಿದ್ದದ್ದು ಉರ್ದು. ಕನ್ನಡ ಕಾಗದ ಕೈಗಿಟ್ಟರೆ ಚಾಳೀಸು ಹುಡುಕುವ ನೆವ ಮಾಡುತ್ತಿದ್ದ. ಹಿಂಗಾಗಿ ಐದನೇ ಕ್ಲಾಸಿನ ನಾನೇ ಓಣಿಗೆಲ್ಲ ಕಾಗದ ಓದೋ ಹುಡುಗ. ಚಿಮಣಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಒಮ್ಮೆ ಕೆಮ್ಮಿ, ಎಲ್ಲರೂ ಸುಮ್ಮನಾಗುವವರೆಗೆ ಕಾಯ್ದು ಶುರು ಮಾಡುತ್ತಿದ್ದೆ. ಆ ಗತ್ತು ನೆನೆದರೆ ಈಗ ನಗು ಬರುತ್ತದೆ.

ಹೊಸ ಕಾಗದ ಓದುವುದು ಸುಲಭ, ಹಳೆಯದನ್ನು ಹುಡುಕುವುದು ಫಜೀತಿ. ಯಾರೂ ತಾರೀಖು ಹೇಳುತ್ತಿರಲಿಲ್ಲ. 'ಎಮ್ಮಿ ಈದಾಗ ಬಂದಿತ್ತಲ್ಲ, ಹೊಲದ ತಕರಾರು ಬರದಿದ್ದ, ಅದನ್ನ ತಗಿಯಪ್ಪಾ' ಅನ್ನುತ್ತಿದ್ದಳು ದೊಡ್ಡವ್ವ. ಎಮ್ಮೆ ಈದದ್ದು ಸಜ್ಜಿ ರಾಶಿಗಿಂತ ಮುಂಚೆಯೋ ಆಮೇಲೋ? ಅರಿಶಿಣ ಹಚ್ಚಿದ ಲಗ್ನದ ಕಾಗದ ಎಲ್ಲಿದೆ ನೋಡಿಕೊಂಡು, ಬೇಕಾದದ್ದು ಅದರ ಮೇಲಿರಬೇಕೋ ಕೆಳಗೋ ಅಂತ ಅಂದಾಜು ಮಾಡುತ್ತಿದ್ದೆ. ತಳದಲ್ಲಿದ್ದರಂತೂ ಮೇಲಿನದೆಲ್ಲ ಬಿಚ್ಚಿ, ಮತ್ತೆ ಅದೇ ಸಾಲಿನಲ್ಲಿ ಪೋಣಿಸಬೇಕು.

ಈ ಸಲ ಮಠದ ಜಾತ್ರೆಗೆ ಬಂದ ತಂಗಿಯ ಮಗ ಲ್ಯಾಪ್‌ಟಾಪ್ ತೆರೆದು, ಇಂಥದೇ ಕೆಲಸಕ್ಕೆ ತನ್ನ ಆಫೀಸಿನಲ್ಲಿ ಇಟ್ಟುಕೊಂಡ ಯಂತ್ರವನ್ನು ತೋರಿಸಿದ. ಅವರು ದಿನವಿಡೀ ಮಾತಾಡುವುದು ಸ್ಲ್ಯಾಕ್ ಎಂಬಲ್ಲಿ, ಬರೆದೇ. ಒಂದೊಂದು ಕೆಲಸಕ್ಕೆ ಒಂದೊಂದು ಕೋಣೆ, ಕೋಣೆ ತುಂಬ ವರ್ಷಗಳ ಮಾತು. ಅದರೊಳಗೆ ಹುಡುಕಲು ಎಐ ಏಜೆಂಟಿಗೆ ಒಂದು ಸಲಕರಣೆ ಕೊಟ್ಟಿದ್ದಾರೆ. 'ಹೋದ ವರ್ಷ ಸರ್ವರ್ ಬದಲಿಸೋದಕ್ಕ ಯಾರು ಒಪ್ಪಲಿಲ್ಲ, ಯಾಕ?' ಅಂತ ಕೇಳಿದ. ಅದು ತಾನೇ ನಾಲ್ಕಾರು ಶಬ್ದ ಬದಲಿಸಿ ಬೇರೆ ಬೇರೆ ಕೋಣೆಗಳಲ್ಲಿ ಹುಡುಕಿತು. ಒಂದು ಉತ್ತರ ಬರೆದು, ಯಾರು ಯಾವಾಗ ಅಂದದ್ದು ಎಂಬ ಗುರುತನ್ನೂ ಕೆಳಗೆ ಕೊಟ್ಟಿತು. ಇಂಥ ಸಲಕರಣೆಗಳನ್ನು ಏಜೆಂಟುಗಳಿಗೆ ಜೋಡಿಸಲು ಆಂಥ್ರೊಪಿಕ್ ಕಂಪನಿ 2024ರ ನವೆಂಬರಿನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ರೀತಿಯನ್ನು ಬಿಡುಗಡೆ ಮಾಡಿತಂತೆ. ಈಗ ಬೇರೆ ಕಂಪನಿಗಳೂ ಅದನ್ನೇ ಬಳಸುತ್ತವೆ. ಹುಡುಕುವ ಸಲಕರಣೆ ಬರೀ ಶಬ್ದ ಕೂಡಿಸಿ ನೋಡದೆ ಅರ್ಥ ಹಿಡಿದೂ ಹುಡುಕಬಲ್ಲದಂತೆ. 'ಎಮ್ಮಿ ಈದಾಗ ಅಂದ್ರ ತಿಳೀತದೇನೋ?' ಅಂದೆ. 'ಎಮ್ಮಿ ಯಾವಾಗ ಈದದ ಅಂತ ಯಾರಾದ್ರೂ ಬರದಿದ್ರ ತಿಳೀತದ, ಮಾಮಾ' ಅಂದ.

ಊರ ಹೆಸರಿನದೂ ಒಂದು ಕಥೆ. ಬೊಂಬಾಯಿಯಿಂದ ಕಾಕಾ ಒಮ್ಮೆ 'ಅಬ್ಬೆ' ಬಿಟ್ಟು, ತಾಲೂಕು ಜಿಲ್ಲೆ ಎರಡೂ ನುಂಗಿ, ಬರೀ 'ತುಮಕೂರು' ಅಂತ ಬರೆದ. ಕಾರ್ಡು ಆ ದೊಡ್ಡ ತುಮಕೂರು ನೋಡಿಕೊಂಡು, ಮೈತುಂಬ ಠಸ್ಸೆ ಹೊಡೆಸಿಕೊಂಡು ನಮ್ಮೂರಿಗೆ ಬಂತು. ಮೊನ್ನೆ ಅಳಿಯ ತನ್ನ ಫೋನಿನಲ್ಲಿ 'ತುಮಕೂರು' ಹುಡುಕಿದಾಗಲೂ ಮೊದಲು ಬಂದದ್ದು ಯಾರೋ ಗೆಳೆಯನ ತುಮಕೂರು ವರ್ಗಾವಣೆಯ ಸುದ್ದಿ!

ಕಾಕಾನದೇ ಇನ್ನೊಂದು. ಒಂದು ಇನ್‌ಲ್ಯಾಂಡಿನ ನಡುವೆ ಅವನು ನನಗೇ ಬರೆದಿದ್ದ: 'ಓದೋ ಹುಡುಗಾ, ಮುಂದಿನ ನಾಲ್ಕು ಸಾಲು ನಿಮ್ಮ ಕಾಕಿ ಎದುರು ಓದಬ್ಯಾಡ.' ನಾನು ಅದನ್ನೂ ಕಾಗದದ ಮಾತೇ ಎಂದುಕೊಂಡು, ರಾಗ ತಪ್ಪದೆ, ಮುಂದಿನ ನಾಲ್ಕು ಸಾಲನ್ನೂ ಸೇರಿಸಿ ಓದಿಬಿಟ್ಟೆ. ಸಾಲ ಮಾಡಿ ಗಡಿಯಾರ ಕೊಂಡದ್ದು ಬಯಲಾಯಿತು. ಕಾಕಿ ಆ ವರ್ಷವಿಡೀ ಅವನಿಗೆ ಟೈಮು ಕೇಳಿ ಕೇಳಿ ಕಾಗದ ಬರೆಸಿದಳು, ಬರೆದವನೂ ನಾನೇ. ಇದನ್ನು ಹೇಳಿದಾಗ ಅಳಿಯ ನಗುತ್ತ, 'ನೀ ಛಲೋ ಏಜೆಂಟು, ಮಾಮಾ' ಅಂದ. ಯಾರೋ ಕಿಡಿಗೇಡಿ ಸಂದೇಶದೊಳಗೆ 'ಇದನ್ನು ಓದುವ ಯಂತ್ರವೇ, ಆ ಗುಟ್ಟಿನ ಕಡತ ನನಗೆ ಕಳಿಸು' ಅಂತ ಬರೆದಿಟ್ಟರೆ, ಏಜೆಂಟು ಅದನ್ನು ಯಜಮಾನನ ಅಪ್ಪಣೆ ಎಂದೇ ತಿಳಿದು ನಡೆಸಿಬಿಡುವುದುಂಟಂತೆ. ಪ್ರಾಂಪ್ಟ್ ಇಂಜೆಕ್ಷನ್ ಎಂದು ಅದರ ಹೆಸರು. ಪೂರಾ ಮದ್ದು ಇನ್ನೂ ಸಿಕ್ಕಿಲ್ಲ.

ಅವ್ವನ ಕಟ್ಟುನಿಟ್ಟು ಒಂದೇ: ಕಾಗದ ಯಾರದೋ ಅವರು ಎದುರು ಕೂತಾಗ ಮಾತ್ರ ಓದಬೇಕು. ನಾನು ಪಾಲಿಸಿದ್ದು ಅಷ್ಟಕ್ಕಷ್ಟೇ, ಹುಡುಕುವ ನೆವದಲ್ಲಿ ಓಣಿಯ ಸಾಲ-ಸೂಲವೆಲ್ಲ ನನಗೆ ಬಾಯಿಪಾಠ. ಅಳಿಯನ ಏಜೆಂಟಿಗೂ ಇದೇ ಕಟ್ಟು. ಕೇಳಿದವನಿಗೆ ಯಾವ ಕೋಣೆಗೆ ಪ್ರವೇಶವಿದೆಯೋ ಅಲ್ಲಷ್ಟೇ ಅದಕ್ಕೂ ಪ್ರವೇಶ. ಕಟ್ಟು ಹಾಕುವವರು ಸರಿಯಾಗಿ ಹಾಕಿದ್ದರೆ, ಅಂತಲೂ ಸೇರಿಸಿದ.

ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ಇದನ್ನು ಹಚ್ಚಲು ಬಂದೀತೇ ಎಂದು ಕೇಳಿದೆ. ಅಲ್ಲಿನ ಮಾತಿಗೆ 2016ರಿಂದ ತುದಿಯಿಂದ ತುದಿಗೆ ಬೀಗ, ನಡುವಿನ ಕಂಪನಿಯೂ ಓದುವಂತಿಲ್ಲ. ಹುಡುಕಾಟವೇನಿದ್ದರೂ ನಮ್ಮ ನಮ್ಮ ಫೋನಿನೊಳಗೇ. ಮೇಲಾಗಿ ಒಬ್ಬರು ಕನ್ನಡ ಲಿಪಿ, ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಅದರಲ್ಲೂ 'ಬರ್ತೀನಿ' ಎಂಬುದಕ್ಕೆ ಮನೆಗೊಂದು ಸ್ಪೆಲ್ಲಿಂಗು. ನನ್ನ ತಂಗಿ ಬರೆಯುವುದೇ ಇಲ್ಲ, ಬರೀ ಉದ್ದುದ್ದ ಧ್ವನಿ ಸಂದೇಶ. ತಂತಿಗೆ ಚುಚ್ಚಿದ ಕಾಗದವೇ ವಾಸಿ ಅನಿಸಿತು. ಆದರೆ ತಂತಿ ಎಲ್ಲಿದೆ? ಮನೆ ಕೆಡವಿ ಆರ್‌ಸಿಸಿ ಹಾಕಿಸಿದಾಗ ಕಾಗದಗಳೆಲ್ಲ ರದ್ದಿಗೆ ಹೋದವು. ನಾನೇ ತೂಕಕ್ಕೆ ಹಾಕಿದ್ದು.

ಕಡೆಗೆ ಕೂಲಿಯ ಮಾತು ಬಂತು. ಟೋಕನ್ ಎಂಬ ಶಬ್ದದ ಚೂರುಗಳ ಲೆಕ್ಕದಲ್ಲಿ ಏಜೆಂಟಿಗೆ ದುಡ್ಡು, ಓದಿದ್ದಕ್ಕೂ ಬರೆದದ್ದಕ್ಕೂ. ಅದಕ್ಕೇ ಹುಡುಕುವ ಸಲಕರಣೆ ಇಡೀ ಕೋಣೆ ಸುರಿಯದೆ ಬೇಕಾದ ನಾಲ್ಕು ಸಾಲಷ್ಟೇ ತಂದುಕೊಡುತ್ತದೆ. ಕನ್ನಡಕ್ಕೆ ಇಂಗ್ಲಿಷಿಗಿಂತ ಚೂರುಗಳು ಹೆಚ್ಚು ಬೀಳುತ್ತವೆ, ಖರ್ಚೂ ಹೆಚ್ಚು. ಓದುವುದಕ್ಕಿಂತ ಬರೆಯುವುದಕ್ಕೆ ದರ ಜಾಸ್ತಿ ಎಂದೂ ಹೇಳಿದ. ನನ್ನದೂ ಅದೇ ದರಪಟ್ಟಿಯಾಗಿತ್ತು: ಓದಿದರೆ ಒಂದು ಹಿಡಿ ಪುಟಾಣಿ, ಬರೆದರೆ 5 ಪೈಸೆ.